ಇದ್ದಿಲಿನ ಊರು, ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕು

1923ರ ಜನವರಿ 18ರಂದು ಭದ್ರಾವತಿಯ ಊದುಕುಲುಮೆ ಮೊದಲ ಬಾರಿ ಹೊತ್ತಿಕೊಂಡಿತು. ಅಷ್ಟರಲ್ಲಾಗಲೇ ಜಗತ್ತಿನ ದೊಡ್ಡ ಕಬ್ಬಿಣದ ಕಾರ್ಖಾನೆಗಳೆಲ್ಲ ಕಲ್ಲಿದ್ದಲಿನ ಕೋಕ್‌ಗೆ ಹೊರಳಿದ್ದವು. ಮೈಸೂರು ಸಂಸ್ಥಾನಕ್ಕೆ ಕಲ್ಲಿದ್ದಲಿನ ಗಣಿ ಇರಲಿಲ್ಲ. ಇದ್ದದ್ದು ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಭದ್ರೆಯ ನೀರು, ಮತ್ತೆ ಸುತ್ತಲೂ ಮಲೆನಾಡಿನ ಕಾಡು. ಹಾಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರು ಪಟ್ಟು ಹಿಡಿದು ನಿಲ್ಲಿಸಿದ ಈ ಕಾರ್ಖಾನೆ ಮರದ ಇದ್ದಿಲನ್ನೇ ನಂಬಿತು. ಅದರ ಮೊದಲ ಹೆಸರಿನಲ್ಲೇ ಮರವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ಕಾಡಿನಿಂದ ಬಂದ ದಿಮ್ಮಿಗಳನ್ನು ತುಂಡು ಮಾಡಿ, ಗಾಳಿ ಸೋಕದಂತೆ ಮುಚ್ಚಿದ ರಿಟಾರ್ಟುಗಳೊಳಗೆ ಕಾಯಿಸುತ್ತಿದ್ದರು. ಹೊಗೆಯನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅದನ್ನು ತಣಿಸಿ ಅಸಿಟೇಟ್ ಆಫ್ ಲೈಮ್, ಮೀಥೈಲ್ ಆಲ್ಕೋಹಾಲ್, ಟಾರುಗಳನ್ನು ಬೇರ್ಪಡಿಸುತ್ತಿದ್ದರು. ಒಳಗೆ ಉಳಿದ ಇದ್ದಿಲು ಕುಲುಮೆಗೆ ಹೋಗುತ್ತಿತ್ತು. ಒಂದು ಕಾಲಕ್ಕೆ ಬೆಂಕಿಪುರ ಎನಿಸಿಕೊಂಡಿದ್ದ ಊರಿಗೆ ಈ ಬೆಂಕಿ ಹೊಸ ಬದುಕನ್ನು ಕೊಟ್ಟಿತು.

ಭದ್ರಾವತಿಯ ಚರಿತ್ರೆಯನ್ನು ಕಬ್ಬಿಣದ ಚರಿತ್ರೆಯಾಗಿ ಬರೆದವರು ಬಹಳ ಜನ. ನಾನಿಲ್ಲಿ ಹೇಳಹೊರಟದ್ದು ಅದೇ ಊರಿನ ಇಂಗಾಲದ ಕಥೆ. ಆ ಕಥೆಯ ಇನ್ನೊಂದು ತುದಿಯಲ್ಲಿರುವುದು ಮೊಬೈಲು, ಕಂಪ್ಯೂಟರುಗಳ ಚಿಪ್‌ಗಳನ್ನು ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಪ್ಲಾಸ್ಟಿಕ್ಕು. ಈ ಎರಡು ತುದಿಗಳ ನಡುವೆ ಶಿವಮೊಗ್ಗ ಸೀಮೆಯಲ್ಲೇ ಮೂರು ನಿಲ್ದಾಣಗಳಿವೆ: ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್, ಶಂಕರಘಟ್ಟದ ವಿಶ್ವವಿದ್ಯಾಲಯ. ಮೂರೂ ಒಂದೇ ತಾಲ್ಲೂಕಿನಲ್ಲಿದ್ದರೂ ಇವನ್ನು ಯಾರೂ ಒಟ್ಟಿಗೆ ಇಟ್ಟು ನೋಡಿದಂತಿಲ್ಲ.

ಮರವೂ ಒಂದು ಪಾಲಿಮರೇ. ಸೆಲ್ಯುಲೋಸ್, ಲಿಗ್ನಿನ್ ಎಂಬ ಉದ್ದುದ್ದ ಅಣುಸರಪಳಿಗಳು ಹೆಣೆದುಕೊಂಡು ಮರವಾಗಿವೆ. ಒಣಮರದಲ್ಲಿ ವಿದ್ಯುತ್ ಹರಿಯದು. ಕರೆಂಟು ಹೊಡೆದವರನ್ನು ಬಿಡಿಸಲು ಒಣ ಕೋಲು ಹಿಡಿಯುವುದು ಅದಕ್ಕೇ. ಅದೇ ಮರವನ್ನು ಗಾಳಿಯಿಲ್ಲದೆ ಕಾಯಿಸಿದರೆ ಹೈಡ್ರೋಜನ್, ಆಕ್ಸಿಜನ್‌ಗಳು ಹೊರಟುಹೋಗಿ ಇಂಗಾಲ ಉಳಿಯುತ್ತದೆ. ಕಾವು ಕಡಿಮೆಯಿದ್ದಾಗ ಆದ ಇದ್ದಿಲಿನಲ್ಲೂ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ. ಕಾವು 700 ಡಿಗ್ರಿ ಸೆಲ್ಸಿಯಸ್ ಆಚೀಚೆ ತಲುಪಿದಾಗ ಇಂಗಾಲದ ಷಟ್ಕೋನಗಳು ಹಾಳೆಗಳಾಗಿ ಕೂಡಿಕೊಂಡು, ಎಲೆಕ್ಟ್ರಾನುಗಳಿಗೆ ಓಡಾಡಲು ದಾರಿ ಸಿಗುತ್ತದೆ. ಎಡಿಸನ್ ತನ್ನ ದೀಪದೊಳಗೆ ಉರಿಸಿದ್ದೂ ಹೀಗೆ ಸುಟ್ಟು ಇಂಗಾಲವಾಗಿಸಿದ ಬಿದಿರಿನ ಎಳೆಯನ್ನೇ.

ಕಾಡು ಎಷ್ಟೆಂದು ಕೊಟ್ಟೀತು! 1940ರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುತ್ ತಯಾರಾಗತೊಡಗಿದಾಗ ಭದ್ರಾವತಿಗೆ ಬೇರೊಂದು ದಾರಿ ತೆರೆಯಿತು. 1952ರಲ್ಲಿ ಅದಿರಿನಿಂದ ಬೀಡುಕಬ್ಬಿಣ ತೆಗೆಯುವ ಎರಡು ವಿದ್ಯುತ್ ಕುಲುಮೆಗಳು ಇಲ್ಲಿ ಶುರುವಾದವು. ನಾರ್ವೆಯಲ್ಲಿ ರೂಪುಗೊಂಡ ಟಿಸ್‌ಲ್ಯಾಂಡ್-ಹೋಲ್ ಮಾದರಿಯವು. ನನ್ನ ಮಟ್ಟಿಗೆ ಇವುಗಳ ಅತಿ ಸ್ವಾರಸ್ಯದ ಭಾಗ ಎಲೆಕ್ಟ್ರೋಡು. ಅದನ್ನು ಮೊದಲೇ ಮಾಡಿಟ್ಟುಕೊಂಡು ತಂದು ಕೂರಿಸುವುದಲ್ಲ. ತಗಡಿನ ದೊಡ್ಡ ಉರುಟು ಕವಚದೊಳಗೆ ಮೇಲಿನಿಂದ ಕರಿ ಪೇಸ್ಟ್ ತುಂಬುತ್ತಾರೆ; ಇಂಗಾಲದ ಪುಡಿಯನ್ನು ಟಾರಿನ ಜಾತಿಯ ಪಿಚ್‌ನಲ್ಲಿ ಕಲಸಿದ್ದು ಅದು. ಕುಲುಮೆಯ ಝಳಕ್ಕೆ ಪೇಸ್ಟ್ ಕರಗಿ ಕವಚದ ತುಂಬ ಹರಡಿಕೊಳ್ಳುತ್ತದೆ. ಇನ್ನೂ ಕೆಳಗಿಳಿದಾಗ ಬೇಯುತ್ತದೆ, ಗಟ್ಟಿಯಾಗುತ್ತದೆ. ಹಸಿ ಪೇಸ್ಟಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಬೆಂದ ಭಾಗದಲ್ಲಿ ಧಾರಾಳವಾಗಿ ಹರಿಯುತ್ತದೆ. ಕೆಳತುದಿ ಉರಿದು ಸವೆದಂತೆಲ್ಲ ಮೇಲಿಂದ ಹೊಸ ಪೇಸ್ಟ್ ಹಾಕುತ್ತ, ಎಲೆಕ್ಟ್ರೋಡನ್ನು ಕೆಳಕ್ಕೆ ಇಳಿಸುತ್ತ ಹೋಗಬೇಕು. ಸೋಡರ್‌ಬರ್ಗ್ ಎಲೆಕ್ಟ್ರೋಡ್ ಎಂದು ಇದರ ಹೆಸರು.

ಇಂಗಾಲದ ಕಣ, ಅದನ್ನು ಹಿಡಿದಿಡುವ ಸಾವಯವ ಅಂಟು, ಹರಿಯದ ವಸ್ತುವಿನೊಳಗೆ ಹರಿಯುವ ದಾರಿ: ಮುಂದಿನ ಕಥೆಯೆಲ್ಲ ಈ ಮೂರರಲ್ಲೇ ಇದೆ.

ಕಬ್ಬಿಣದ ಕಾರ್ಖಾನೆಯ ನೆರೆಯಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಬಿದಿರಿನ ತಿರುಳಿನಿಂದ ಶುರುವಾಗಿ ನೀಲಗಿರಿ, ಅಕೇಶಿಯಾ, ಕಬ್ಬಿನ ಸಿಪ್ಪೆಯವರೆಗೆ ಈ ಗಿರಣಿ ನಡೆದುಬಂತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಕನ್ನಡ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಕೊಟ್ಟಿತು, ಪೇಪರ್‌ಟೌನ್ ಎಂಬ ಬಡಾವಣೆಯನ್ನೇ ಬೆಳೆಸಿತು.

ಕಾಗದ ತಯಾರಿಕೆ ನೀರಿನ ಕೆಲಸ. ಮೊದಲಿಗೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇರುವ ತಿರುಳು ಜಾಲರಿಯ ಮೇಲೆ ಹರಿಯುತ್ತದೆ, ಒತ್ತುರುಳೆಗಳ ನಡುವೆ ಹಿಂಡಿಸಿಕೊಳ್ಳುತ್ತದೆ, ಆಮೇಲೆ ಉಗಿಯಿಂದ ಕಾದ ಸಾಲು ಸಾಲು ಸಿಲಿಂಡರುಗಳ ಮೇಲೆ ಒಣಗುತ್ತದೆ. ಯಂತ್ರದ ಕೊನೆಗೆ ಬರುವಾಗ ಹಾಳೆಯಲ್ಲಿ ಉಳಿಯುವ ತೇವ ನೂರಕ್ಕೆ ಐದೋ ಏಳೋ ಪಾಲು. ಅದಕ್ಕಿಂತ ಹೆಚ್ಚು ಒಣಗಿತೋ, ತಕರಾರು ಶುರು. ಒಣಹಾಳೆ ಉರುಳೆಯಿಂದ ಉರುಳೆಗೆ ವೇಗವಾಗಿ ಸರಿಯುವಾಗ, ತಾಗಿ ಬಿಡುವ ಪ್ರತಿ ಜಾಗದಲ್ಲೂ ಒಂದು ಮೈಯಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಜಾರುತ್ತವೆ. ಹಾಳೆಯ ಮೈಯಲ್ಲಿ ಚಾರ್ಜು ಕೂಡುತ್ತದೆ, ಇಳಿಯಲು ದಾರಿ ಸಿಗದೆ ಅಲ್ಲೇ ನಿಲ್ಲುತ್ತದೆ. ರೀಲಿನ ಪಕ್ಕ ಕೈ ಚಾಚಿದವನಿಗೆ ಚಟ್ಟನೆ ಹೊಡೆಯುತ್ತದೆ. ಕತ್ತರಿಸಿಟ್ಟ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡುವುದಿಲ್ಲ. ಧೂಳು ಎಳೆದುಕೊಂಡು ಬಂದು ಕೂರುತ್ತದೆ.

ಇದಕ್ಕೆ ಕಾಗದದ ಗಿರಣಿಗಳು, ಮುದ್ರಣಾಲಯಗಳು, ಜವಳಿ ಮಿಲ್ಲುಗಳು ಕಂಡುಕೊಂಡ ಹಳೆಯ ಉಪಾಯ ಎರಡು. ಒಂದು, ಹಾಳೆಗೆ ಸೋಕಿಯೂ ಸೋಕದಂತೆ ತಾಮ್ರದ ಜರಿಯಂಥ ಎಳೆಗಳನ್ನು ತೂಗಿಬಿಟ್ಟು ಅದಕ್ಕೆ ಅರ್ಥಿಂಗ್ ಕೊಡುವುದು. ಎರಡು, ಗಾಳಿಯಲ್ಲಿ ತೇವ ಇರುವಂತೆ ನೋಡಿಕೊಳ್ಳುವುದು. ಗಾಳಿಯ ತೇವ ವಸ್ತುವಿನ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಹಾಸುತ್ತದೆ. ಆ ಪೊರೆಯ ಮೇಲಿಂದ ಚಾರ್ಜು ಮೆಲ್ಲನೆ ಇಳಿದುಹೋಗುತ್ತದೆ. ಮಲೆನಾಡಿನವರಿಗೆ ಇದು ಹೇಳದೆಯೂ ಗೊತ್ತಿರುವ ವಿಚಾರ. ಜುಲೈ ತಿಂಗಳಲ್ಲಿ ಬಟ್ಟೆ ಒಣಗದ ಮನೆಯೊಳಗೆ ಸ್ಥಿರ ವಿದ್ಯುತ್ತಿನ ಸುಳಿವೇ ಇರುವುದಿಲ್ಲ. ಫೆಬ್ರುವರಿಯ ಒಣಗಾಳಿಯಲ್ಲಿ ಟೆರಿಲಿನ್ ಅಂಗಿ ಕಳಚಿದರೆ ಕತ್ತಲಲ್ಲಿ ಕಿಡಿ ಕಾಣುತ್ತದೆ, ಬಾಚಣಿಗೆಗೆ ಕೂದಲು ಎದ್ದು ನಿಲ್ಲುತ್ತದೆ.

ಆ ಕಿಡಿ ಜೀವ ತೆಗೆದ ಜಾಗ ಆಸ್ಪತ್ರೆ. 1930ರ ದಶಕದಲ್ಲಿ ಶಸ್ತ್ರಚಿಕಿತ್ಸೆಗೆ ಈಥರ್ ಜೊತೆ ಸೈಕ್ಲೋಪ್ರೊಪೇನ್ ಎಂಬ ಹೊಸ ಅರಿವಳಿಕೆ ಬಂತು. ಎರಡೂ ಹೊತ್ತಿ ಉರಿಯುವಂಥವು. ಆಮ್ಲಜನಕದ ಜೊತೆ ಬೆರೆತರೆ ಸಿಡಿಯುವಂಥವು. ಹೊದಿಕೆ ಸರಿಸಿದಾಗಲೋ ರಬ್ಬರ್ ಹಾಸಿನ ಮೇಲೆ ಮೈ ಜರುಗಿದಾಗಲೋ ಹುಟ್ಟಿದ ಸಣ್ಣ ಕಿಡಿ ಸಾಕಾಗುತ್ತಿತ್ತು. ಅಮೆರಿಕ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮೇಜಿನ ಮೇಲಿದ್ದ ರೋಗಿಗಳು ಹೀಗೆ ಸತ್ತರು. ಕಾಯಿಲೆ ವಾಸಿಯಾಗಲೆಂದು ವೈದ್ಯರ ಕೈಗೆ ತಮ್ಮನ್ನು ಒಪ್ಪಿಸಿ ಪ್ರಜ್ಞೆ ತಪ್ಪಿ ಮಲಗಿದ್ದವರು. ವಿದ್ಯುತ್ ಹರಿಸುವ ರಬ್ಬರಿನ ಸಂಶೋಧನೆಗೆ ಅವಸರ ತಂದವುಗಳಲ್ಲಿ ಈ ಸಾವುಗಳೂ ಸೇರಿವೆ. ವ್ಯಾಪಾರದ ಲೆಕ್ಕಾಚಾರವೊಂದರಿಂದಲೇ ಈ ವಸ್ತುಗಳು ಹುಟ್ಟಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ರಬ್ಬರಿಗೆ ಮಸಿ ಬೆರೆಸುವುದು ಟೈರ್ ಕಂಪನಿಗಳಿಗೆ ಮೊದಲೇ ಗೊತ್ತಿತ್ತು. ಟೈರು ಬೇಗ ಸವೆಯದಿರಲಿ ಎಂದು ಬೆರೆಸುತ್ತಿದ್ದರು. ಎಣ್ಣೆಯನ್ನೋ ಅನಿಲವನ್ನೋ ಅರೆಬರೆ ಉರಿಸಿ ಹಿಡಿದ ಅತಿ ನಯವಾದ ಈ ಮಸಿಯೇ ಕಾರ್ಬನ್ ಬ್ಲ್ಯಾಕ್. ಪ್ರಮಾಣ ಹೆಚ್ಚಿಸುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಐದು ಪಾಲು ಹಾಕಿದರೂ ಏನೂ ಇಲ್ಲ, ಹತ್ತು ಹಾಕಿದರೂ ಹೆಚ್ಚೇನಿಲ್ಲ. ಆಮೇಲೆ ಯಾವುದೋ ಒಂದು ಮಟ್ಟ ದಾಟುತ್ತಿದ್ದ ಹಾಗೆ ರಬ್ಬರಿನ ವಿದ್ಯುತ್ ತಡೆ ಒಮ್ಮೆಗೇ ಲಕ್ಷ, ಕೋಟಿ ಪಟ್ಟು ಬಿದ್ದುಹೋಗುತ್ತಿತ್ತು. ಬೇಸಿಗೆಯಲ್ಲಿ ತುಂಗಾನದಿಯ ಬಂಡೆಗಳ ಮೇಲೆ ಹೆಜ್ಜೆಯಿಟ್ಟು ದಾಟಿದವರಿಗೆ ಇದು ಹೊಳೆಯುತ್ತದೆ: ಅಲ್ಲೊಂದು ಇಲ್ಲೊಂದು ಬಂಡೆ ಇದ್ದರೆ ಏನೂ ಉಪಯೋಗವಿಲ್ಲ, ಈ ದಡದಿಂದ ಆ ದಡಕ್ಕೆ ಕಾಲು ನಿಲುಕುವ ಅಂತರದಲ್ಲಿ ಬಂಡೆಗಳ ಸಾಲು ಕೂಡಿಬಂದ ಗಳಿಗೆಯಲ್ಲಿ ಹೊಳೆ ದಾಟಬಹುದು. ಮಸಿಯ ಕಣಗಳೂ ಹೀಗೆ ಒಂದಕ್ಕೊಂದು ನಿಲುಕುವಂತೆ ಸಾಲುಗೂಡಬೇಕು. ವಿಜ್ಞಾನಿಗಳು ಇದನ್ನು ಪರ್ಕೋಲೇಷನ್ ಎನ್ನುತ್ತಾರೆ.

ಬಾಯ್ಲ್ಸ್ ಯಂತ್ರ ಎಂಬ ಅರಿವಳಿಕೆ ಯಂತ್ರ ನೋಡಿದ ಹಳೆಯ ದಾದಿಯರಿಗೆ, ವೈದ್ಯರಿಗೆ ಅದರ ಸುಕ್ಕುಸುಕ್ಕಾದ ಕರಿ ರಬ್ಬರ್ ಕೊಳವೆ ನೆನಪಿದ್ದೀತು. ಆ ಕಪ್ಪು ಬಣ್ಣ ಅಂದಕ್ಕೆ ಬಳಿದದ್ದಲ್ಲ, ಒಳಗೆ ಇಂಗಾಲವಿತ್ತು. ಯಂತ್ರದ ಗಾಲಿ, ಮೇಜಿನ ಹಾಸು, ಕೆಲವೆಡೆ ಆಪರೇಷನ್ ಥಿಯೇಟರಿನ ನೆಲ, ವೈದ್ಯರ ಪಾದರಕ್ಷೆ ಕೂಡ ಇದೇ ಜಾತಿಯ ವಸ್ತುವಿನಿಂದ ಆದವು. ನಮ್ಮ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಈಥರ್ ಬಹಳ ವರ್ಷ ಉಳಿಯಿತು. ಹೊತ್ತಿಕೊಳ್ಳದ ಅರಿವಳಿಕೆಗಳು ಬಂದಮೇಲೆ ಈ ಭಯ ಹಿಂದೆ ಸರಿಯಿತು.

ಅಷ್ಟರಲ್ಲಿ ಸ್ಥಿರ ವಿದ್ಯುತ್ತಿಗೆ ಇನ್ನೊಂದು ಬಲಿಪಶು ಸಿಕ್ಕಿತ್ತು. 1970ರ ದಶಕದಲ್ಲಿ ಸಿಲಿಕಾನ್ ಚಿಪ್‌ಗಳೊಳಗಿನ ಪದರಗಳು ತೆಳ್ಳಗಾಗುತ್ತ ಬಂದವು. ಮನುಷ್ಯನ ಕೈಗೆ ಸ್ಥಿರ ವಿದ್ಯುತ್ತಿನ ಹೊಡೆತ ಗೊತ್ತಾಗಬೇಕಾದರೆ ಮೂರು ಸಾವಿರ ವೋಲ್ಟ್ ಆಸುಪಾಸು ಇರಬೇಕು. ಸೂಕ್ಷ್ಮವಾದ ಚಿಪ್ಪೊಂದು ನೂರು ವೋಲ್ಟಿಗೂ ಕಡಿಮೆಯಲ್ಲಿ ಕೆಡಬಲ್ಲದು. ಅಂದರೆ ಮುಟ್ಟಿದವರಿಗೆ ಏನೂ ಅನ್ನಿಸುವುದಿಲ್ಲ, ಚಿಪ್ ಮಾತ್ರ ಸತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಅರೆಪೆಟ್ಟು ತಿಂದು ಪರೀಕ್ಷೆಯಲ್ಲಿ ಪಾಸಾಗಿ, ಆರು ತಿಂಗಳ ಮೇಲೆ ಗಿರಾಕಿಯ ಮನೆಯಲ್ಲಿ ಕೈಕೊಡುವುದು. ಅಮೆರಿಕದಲ್ಲಿ 1979ರಿಂದ ಈ ಒಂದೇ ವಿಷಯಕ್ಕೆ ಪ್ರತಿವರ್ಷ ಸಮ್ಮೇಳನ ನಡೆಯತೊಡಗಿತು.

ಹಾಗಾದರೆ ಚಿಪ್‌ಗಳನ್ನು ಲೋಹದ ಪೆಟ್ಟಿಗೆಯಲ್ಲೇ ಇಡಬಹುದಲ್ಲ? ಬಹಳ ಜನ ಹಾಗೆಂದುಕೊಳ್ಳುತ್ತಾರೆ. ಚಾರ್ಜು ತುಂಬಿಕೊಂಡ ಚಿಪ್ಪು ಲೋಹಕ್ಕೆ ತಾಗಿದರೆ ಚಾರ್ಜೆಲ್ಲ ಕ್ಷಣಾರ್ಧದಲ್ಲಿ ಧುಮ್ಮಿಕ್ಕುತ್ತದೆ, ಆ ರಭಸವೇ ಅದನ್ನು ಸುಡುತ್ತದೆ. ಸಾದಾ ಪ್ಲಾಸ್ಟಿಕ್ಕಿನಲ್ಲಿಟ್ಟರೆ ಚಾರ್ಜು ಇಳಿಯುವುದೇ ಇಲ್ಲ. ಬೇಕಾದದ್ದು ಇವೆರಡರ ನಡುವಿನ ವಸ್ತು: ಹರಿಯಲು ಬಿಡಬೇಕು, ಆದರೆ ನಿಧಾನವಾಗಿ. ಈ ಕೆಲಸಕ್ಕೆ ಒಪ್ಪುವ ಮೈತಡೆಯ ವ್ಯಾಪ್ತಿಯನ್ನು ಸುಮಾರು ಹತ್ತು ಸಾವಿರ ಓಮ್‌ನಿಂದ ಹತ್ತು ಸಾವಿರ ಕೋಟಿ ಓಮ್‌ವರೆಗೆ ಎಂದು ಮಾನಕಗಳು ಹೇಳುತ್ತವೆ. ಚಿಪ್ ಮುಟ್ಟುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯ ವೈರಿನಲ್ಲೂ ಹತ್ತು ಲಕ್ಷ ಓಮ್‌ನ ಒಂದು ತಡೆ ಇರುತ್ತದೆ. ಚಾರ್ಜು ಇಳಿಯಲು ಅದು ಅಡ್ಡಿಯಲ್ಲ. ಅಕಸ್ಮಾತ್ ಮೇಜಿನ ಮೇಲೆ ಮೇನ್ಸ್ ಕರೆಂಟು ತಾಗಿದರೆ ಕೆಲಸಗಾರರ ಜೀವ ಉಳಿಸುವುದೂ ಅದೇ.

ಕರ್ನಾಟಕಕ್ಕೆ ಈ ಕಾಳಜಿ ಬೆಂಗಳೂರಿನ ಮೂಲಕ ಬಂತು. 1948ರಲ್ಲಿ ಟೆಲಿಫೋನ್ ಯಂತ್ರಗಳ ಐಟಿಐ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್, 1970ರ ದಶಕದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹ. ಬೆಂಗಳೂರಿನ ಆಚೆಗೆ ಅದು ಹರಡಿದ್ದು ಟೆಲಿಫೋನಿನ ಜೊತೆ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದ ಸಾದಾ ಕೋಣೆಯಲ್ಲಿ, ಸೆಕೆ ಧೂಳುಗಳ ನಡುವೆ ದುಡಿಯಲೆಂದೇ ಮಾಡಿದ ಯಂತ್ರ ಅದು. ಇಂಥವೇ ಪುಟ್ಟ ಎಕ್ಸ್‌ಚೇಂಜುಗಳು ಮಲೆನಾಡಿನ ಹಳ್ಳಿಗಳಿಗೂ ಬಂದವು. ಒಳಗಿದ್ದದ್ದು ಚಿಪ್ ಕೂರಿಸಿದ ಕಾರ್ಡುಗಳು. ಕೆಟ್ಟ ಕಾರ್ಡನ್ನು ಹಾಗೇ ಕಿತ್ತು ಜೋಳಿಗೆಗೆ ಹಾಕಿಕೊಂಡು ಹೋಗುವಂತಿರಲಿಲ್ಲ. ಕೈಗೆ ಪಟ್ಟಿ ಕಟ್ಟಿ, ಅರ್ಥ್ ಮಾಡಿಕೊಂಡು, ಕಾರ್ಡನ್ನು ಸ್ಥಿರ ವಿದ್ಯುತ್ ತಡೆಯುವ ಚೀಲಕ್ಕಿಳಿಸಿ ಸಾಗಿಸಬೇಕು. ಎಸ್‌ಟಿಡಿ ಬೂತಿನ ಮುಂದೆ ಕ್ಯೂ ನಿಂತವರಿಗೆ ಕಾಣದ ಶಿಸ್ತು ಅದು. ಆ ಶಿಸ್ತನ್ನು ಕಾಪಾಡಿಕೊಂಡ ತಂತ್ರಜ್ಞರಿಗೆ ಹಳ್ಳಿಯ ಫೋನುಗಳು ಋಣಿ.

ಆ ಚೀಲಗಳಲ್ಲೂ ಮೂರು ಬಗೆ. ತಿಳಿಗುಲಾಬಿ ಪಾಲಿಥೀನಿನದು ಅಗ್ಗ. ಪ್ಲಾಸ್ಟಿಕ್ಕಿನೊಳಗೆ ಬೆರೆಸಿದ ಸೋಪಿನ ಜಾತಿಯ ರಾಸಾಯನಿಕ ಮೆಲ್ಲಗೆ ಮೈಗೆ ಜಿನುಗಿ, ಗಾಳಿಯ ತೇವ ಹೀರಿ ಪೊರೆ ಕಟ್ಟುತ್ತದೆ. ಶಿವಮೊಗ್ಗದ ಮಳೆಗಾಲದಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಒಣಹವೆಯಲ್ಲಿ, ಅಂದರೆ ನಿಜಕ್ಕೂ ಬೇಕಾದ ಹೊತ್ತಿನಲ್ಲೇ ಸೋಲುತ್ತದೆ. ವರ್ಷ ಕಳೆದಂತೆ ರಾಸಾಯನಿಕ ಆರಿಯೂ ಹೋಗುತ್ತದೆ. ಎರಡನೆಯದು ಲೋಹದ ತೆಳುಪದರ ಕೂರಿಸಿದ ಬೆಳ್ಳಿ ಬಣ್ಣದ ಚೀಲ. ಮೂರನೆಯದು ಕರಿಯದು, ಕಾರ್ಬನ್ ಬ್ಲ್ಯಾಕ್ ತುಂಬಿದ್ದು. ಹವೆ ಹೇಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಆದರೆ ನೂರಕ್ಕೆ ಹದಿನೈದು, ಇಪ್ಪತ್ತು ಪಾಲು ಮಸಿ ತುಂಬಿದ ಪ್ಲಾಸ್ಟಿಕ್ಕು ಪೆಡಸಾಗುತ್ತದೆ, ಉಜ್ಜಿದಲ್ಲಿ ಕರಿಪುಡಿ ಉದುರುತ್ತದೆ, ಒಳಗೇನಿದೆ ಎಂದು ಕಾಣುವುದೂ ಇಲ್ಲ.

ಮಸಿಯ ಹಂಗಿಲ್ಲದೆ ಪ್ಲಾಸ್ಟಿಕ್ಕೇ ವಿದ್ಯುತ್ ಹರಿಸುವಂತಿದ್ದರೆ?

ಉತ್ತರ ಸಿಕ್ಕಿದ್ದು ಟೋಕಿಯೊದಲ್ಲಿ, ಒಂದು ಕೈತಪ್ಪಿನಿಂದ. 1967ರಲ್ಲಿ ರಸಾಯನವಿಜ್ಞಾನಿ ಹಿದೆಕಿ ಶಿರಾಕವಾ ಅವರ ಜೊತೆ ಕೆಲಸ ಮಾಡುತ್ತಿದ್ದ ಕೊರಿಯಾದ ಅತಿಥಿ ಸಂಶೋಧಕರೊಬ್ಬರು ಅಸಿಟಿಲೀನ್ ಅನಿಲವನ್ನು ಪಾಲಿಮರ್ ಆಗಿಸುವಾಗ ಬೇಕಾದದ್ದಕ್ಕಿಂತ ಸಾವಿರ ಪಟ್ಟು ವೇಗವರ್ಧಕ ಹಾಕಿದರು. ಕರಿಪುಡಿಯ ಬದಲು ಬೆಳ್ಳಿಯ ಹಾಗೆ ಹೊಳೆಯುವ ಪೊರೆ ಬಂತು. ಅದನ್ನು ಎಸೆಯದೆ ಶಿರಾಕವಾ ವರ್ಷಗಟ್ಟಲೆ ಅದರ ಹಿಂದೆ ಬಿದ್ದರು. ನ್ಯೂಜಿಲೆಂಡ್ ಮೂಲದ ರಸಾಯನವಿಜ್ಞಾನಿ ಅಲನ್ ಮ್ಯಾಕ್‌ಡಿಯಾರ್ಮಿಡ್ 1975ರಲ್ಲಿ ಟೋಕಿಯೊಗೆ ಬಂದಾಗ ಆ ಪೊರೆಯ ಮಾತು ಬಂತು. ಅವರು ಶಿರಾಕವಾರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಯಾದರು. 1976ರ ನವೆಂಬರಿನಲ್ಲಿ ಪೊರೆಗೆ ಬ್ರೋಮಿನ್ ಆವಿ ತಾಗಿಸಿದರು. ಕೆಲವೇ ನಿಮಿಷಗಳಲ್ಲಿ ಅದರ ವಾಹಕತೆ ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಬಂಧ ಅಚ್ಚಾಯಿತು. 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಗುಟ್ಟು ಇರುವುದು ಸರಪಳಿಯ ಹೆಣಿಗೆಯಲ್ಲಿ. ಇಂಗಾಲದ ಪರಮಾಣುಗಳ ನಡುವೆ ಒಂಟಿ ಬಂಧ, ಜೋಡಿ ಬಂಧಗಳು ಒಂದಾದಮೇಲೊಂದು ಬರುತ್ತವೆ. ಬ್ರೋಮಿನ್, ಅಯೋಡಿನ್‌ಗಳು ಅದರಿಂದ ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನು ಕಿತ್ತುಕೊಂಡರೆ ತೆರಪು ಬೀಳುತ್ತದೆ. ತೆರಪಿಗೆ ಪಕ್ಕದ ಎಲೆಕ್ಟ್ರಾನು ಸರಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು. ಹೀಗೆ ಸರಪಳಿಯ ಉದ್ದಕ್ಕೂ ಓಡಾಟ ಶುರುವಾಗುತ್ತದೆ.

ಪಾಲಿಅಸಿಟಿಲೀನ್ ಮಾತ್ರ ಗಾಳಿ ಸೋಕಿದರೆ ಕೆಡುತ್ತಿತ್ತು. ಬಾಳಿಕೆಯ ವಸ್ತುವಿಗಾಗಿ ಹುಡುಕಿದವರು ನೂರು ವರ್ಷಕ್ಕೂ ಹಿಂದಿನ ಒಂದು ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. 1862ರಲ್ಲಿ ಲಂಡನ್ನಿನ ಹೆನ್ರಿ ಲೆಥಬಿ ಎಂಬ ವೈದ್ಯ-ರಸಾಯನಜ್ಞ ಅನಿಲಿನ್ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಪ್ಲಾಟಿನಂ ತುದಿಯಲ್ಲಿ ಹಸಿರು-ನೀಲಿ ಪದರ ಕೂತಿತ್ತು. ಅದು ಪಾಲಿಅನಿಲಿನ್. 1980ರ ದಶಕದಲ್ಲಿ ಮ್ಯಾಕ್‌ಡಿಯಾರ್ಮಿಡ್ ಮತ್ತು ಸಂಗಡಿಗರು ಅದರ ಗುಣವನ್ನು ಬಿಡಿಸಿ ತೋರಿಸಿದರು: ಆಮ್ಲ ಸೇರಿದರೆ ಹಸಿರು, ವಿದ್ಯುತ್ ಹರಿಯುತ್ತದೆ, ಕ್ಷಾರ ಸೇರಿದರೆ ನೀಲಿ, ಹರಿಯದು. ಮತ್ತೆ ಆಮ್ಲ ಹಾಕಿದರೆ ಮತ್ತೆ ಹಸಿರು. ತಯಾರಿಸುವುದಕ್ಕೂ ಭಾರಿ ಸಲಕರಣೆ ಬೇಡ. ಮಂಜುಗಡ್ಡೆಯಲ್ಲಿಟ್ಟ ಬೀಕರಿನಲ್ಲಿ ಆಮ್ಲ ಬೆರೆಸಿದ ಅನಿಲಿನ್, ಅದಕ್ಕೆ ಹನಿಹನಿಯಾಗಿ ಅಮೋನಿಯಂ ಪರ್ಸಲ್ಫೇಟ್. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ದ್ರಾವಣ ನೀಲಿಗೆ ತಿರುಗಿ, ಕಡುಹಸಿರು ಪುಡಿ ತಳಕ್ಕಿಳಿಯುತ್ತದೆ. ಸೋಸಿ, ತೊಳೆದು, ಒಣಗಿಸಿದರಾಯಿತು.

ಆ ಪುಡಿ ಯಾವ ದ್ರಾವಕದಲ್ಲೂ ಸುಲಭಕ್ಕೆ ಕರಗುತ್ತಿರಲಿಲ್ಲ, ಬಳಿಯಲು ಬರುತ್ತಿರಲಿಲ್ಲ. 1992ರಲ್ಲಿ ಹೀಗರ್ ತಂಡ ಇದಕ್ಕೆ ಪರಿಹಾರ ಹುಡುಕಿತು, ಅದರ ಮೂಲ ನಮ್ಮ ದೇವರ ಮನೆಯಲ್ಲಿದೆ. ಕರ್ಪೂರದಿಂದ ಪಡೆಯುವ ಕ್ಯಾಂಫರ್ ಸಲ್ಫೋನಿಕ್ ಆಮ್ಲ ಸೇರಿಸಿದರೆ ಪಾಲಿಅನಿಲಿನ್ ಕರಗುತ್ತದೆ, ಬಣ್ಣದಂತೆ ಬಳಿಯಬಹುದು, ವಾಹಕತೆಯೂ ಏರುತ್ತದೆ. ಈ ಕರ್ಪೂರದ ಪಾಲಿಅನಿಲಿನ್ ಲೋಹವೋ ಅವಾಹಕವೋ ಎಂಬ ಗಡಿಯ ಭೌತಶಾಸ್ತ್ರವನ್ನು ಹೀಗರ್ ಜೊತೆ ಅಳೆದವರಲ್ಲಿ ರೆಘು ಮೆನನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ವಿ. ಸುಬ್ರಹ್ಮಣ್ಯಂ ಅವರ ಬಳಿ ಕಲಿತು ಹೋದವರು. ಮುಂದೆ ಅಲ್ಲಿಗೇ ಪ್ರಾಧ್ಯಾಪಕರಾಗಿ ಮರಳಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಇಂಥ ಪಾಲಿಮರುಗಳಿಂದ ಎಲೆಕ್ಟ್ರಾನಿಕ್ ಸಾಧನಗಳನ್ನು ಮಾಡುವ ದಾರಿ ಹಿಡಿದರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಎನ್. ಅಂಬಿಕಾಪ್ರಸಾದ್ ಅವರ ಶಿಷ್ಯವರ್ಗ ಪಾಲಿಅನಿಲಿನ್‌ಗೆ ಲೋಹದ ಆಕ್ಸೈಡುಗಳನ್ನು ಬೆರೆಸಿ ಅಳೆಯುತ್ತ ದೊಡ್ಡ ಪರಂಪರೆಯನ್ನೇ ಬೆಳೆಸಿತು. ರಾಜ್ಯದ ವಿಶ್ವವಿದ್ಯಾಲಯಗಳ ಸಣ್ಣ ಪ್ರಯೋಗಾಲಯಗಳಿಗೆ ಈ ವಸ್ತು ಒಲಿದದ್ದಕ್ಕೆ ಕಾರಣ ಅದರ ಸರಳತೆ. ಕೋಟಿಗಟ್ಟಲೆ ಯಂತ್ರವಿಲ್ಲದೆ ಮಂಜುಗಡ್ಡೆ, ಬೀಕರು, ತಾಳ್ಮೆ ಇಟ್ಟುಕೊಂಡು ಜಗತ್ತಿನ ಮುಂಚೂಣಿಯ ಪ್ರಶ್ನೆಯೊಂದನ್ನು ಕೇಳಲು ಬರುತ್ತಿತ್ತು. ಇದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ.

ಸ್ಥಿರ ವಿದ್ಯುತ್ತಿನ ವಿರುದ್ಧ ಈ ಹೊಸ ಪಾಲಿಮರುಗಳ ಮೊದಲ ದೊಡ್ಡ ಗೆಲುವು ಬಂದದ್ದು ಚಿಪ್ಪಿನಿಂದಲ್ಲ, ಫೋಟೊ ಫಿಲ್ಮಿನಿಂದ. ಕ್ಯಾಮೆರಾದೊಳಗೆ, ಕಾರ್ಖಾನೆಯ ಯಂತ್ರದೊಳಗೆ ಫಿಲ್ಮು ವೇಗವಾಗಿ ಸುತ್ತುವಾಗ ಕಿಡಿ ಹಾರಿದರೆ ಆ ಬೆಳಕೇ ಫಿಲ್ಮಿನ ಮೇಲೆ ಅಚ್ಚಾಗುತ್ತಿತ್ತು. ಡೆವಲಪ್ ಮಾಡಿದಾಗ ಎಲೆಯುದುರಿದ ಮರದ ಕೊಂಬೆಗಳಂಥ ಗೆರೆಗಳು. ಹಳೆಯ ಎಕ್ಸ್‌-ರೇ ತಂತ್ರಜ್ಞರಿಗೂ ಇದು ಚಿರಪರಿಚಿತ. ಜರ್ಮನಿಯ ಬೇಯರ್ ಕಂಪನಿಯಲ್ಲಿ 1980ರ ದಶಕದ ಕೊನೆಗೆ ಪೆಡಾಟ್ ಎಂಬ ಪಾಲಿಮರ್ ಹುಟ್ಟಿತು. ಅದನ್ನು ನೀರಿನಲ್ಲಿ ಬೆರೆಯುವಂತೆ ಮಾಡಿ ತೆಳುವಾಗಿ ಬಳಿದರೆ ಪಾರದರ್ಶಕ ಪೊರೆ, ತೇವ ಇರಲಿ ಬಿಡಲಿ ಚಾರ್ಜು ಇಳಿಯುತ್ತದೆ. ಆಗ್ಫಾ ಕಂಪನಿ ತನ್ನ ಫಿಲ್ಮುಗಳಿಗೆ ಅದನ್ನು ಬಳಿಯಿತು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ಕಾಲ ಮುಗಿದರೂ ಪೆಡಾಟ್ ಉಳಿದುಕೊಂಡು ಪರದೆಗಳಿಗೆ, ಕೆಪಾಸಿಟರುಗಳಿಗೆ ಹೋಯಿತು.

ಈಗ ಮತ್ತೆ ಭದ್ರಾವತಿಯ ಕಡೆಗೆ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾಯಿತು. ಅದರ ಜ್ಞಾನ ಸಹ್ಯಾದ್ರಿ ಆವರಣ ಇರುವುದು ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟಿನ ಬಿ.ಆರ್. ಪ್ರಾಜೆಕ್ಟ್ ಪಕ್ಕ, ಭದ್ರಾವತಿಯಿಂದ ಹದಿನೆಂಟು ಕಿಲೋಮೀಟರ್. ಇಲ್ಲಿನ ರಸಾಯನಶಾಸ್ತ್ರ ವಿಭಾಗಗಳಲ್ಲಿ ಬಿ.ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು ಬಹಳ ವರ್ಷಗಳಿಂದ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡುಗಳ ಮೇಲೆ ಕೆಲಸ ಮಾಡಿದ್ದಾರೆ. ವಿಧಾನ ಕೇಳಿ: ಎಪ್ಪತ್ತು ಪಾಲು ಗ್ರಾಫೈಟ್ ಪುಡಿ, ಮೂವತ್ತು ಪಾಲು ಸಿಲಿಕೋನ್ ಎಣ್ಣೆ. ಎರಡನ್ನೂ ಅಗೇಟ್ ಶಿಲೆಯ ಪುಟ್ಟ ಒರಳಿನಲ್ಲಿ ಹಾಕಿ ಅರ್ಧ ಗಂಟೆ ಕೈಯಲ್ಲೇ ಅರೆಯುತ್ತಾರೆ. ಗಂಟಿಲ್ಲದ ಕರಿ ಪೇಸ್ಟ್ ಆದಮೇಲೆ ಟೆಫ್ಲಾನ್ ಕೊಳವೆಯ ತುದಿಯ ಸಣ್ಣ ಕುಳಿಗೆ ಒತ್ತಿ ತುಂಬಿ, ನುಣುಪು ಕಾಗದದ ಮೇಲೆ ಉಜ್ಜಿ ಸಮ ಮಾಡುತ್ತಾರೆ. ಹಿಂದಿನಿಂದ ತಾಮ್ರದ ತಂತಿ. ಬಳಿಕ ಬಣ್ಣದ ರಾಸಾಯನಿಕವನ್ನೋ ಅಮೈನೋ ಆಮ್ಲವನ್ನೋ ಕರಗಿಸಿದ ದ್ರಾವಣದಲ್ಲಿ ಅದ್ದಿ, ವೋಲ್ಟೇಜನ್ನು ಮೇಲೆ ಕೆಳಗೆ ಆಡಿಸಿದರೆ ಪೇಸ್ಟಿನ ಮೈಮೇಲೆ ಪಾಲಿಮರಿನ ತೆಳು ಪೊರೆ ಬೆಳೆಯುತ್ತದೆ. ಲೆಥಬಿ 1862ರಲ್ಲಿ ಕಂಡ ಪದರದ ವಂಶಸ್ಥ ಅದು.

ಇಲ್ಲಿನ ಗುರಿ ಸ್ಥಿರ ವಿದ್ಯುತ್ತಲ್ಲ. ಮಿದುಳಿನ ಸಂದೇಶವಾಹಕ ಡೋಪಮೈನ್, ಅದರ ಜೊತೆಗೇ ಇದ್ದು ಗೊಂದಲ ಮಾಡುವ ಆಸ್ಕಾರ್ಬಿಕ್ ಆಮ್ಲ, ಯೂರಿಕ್ ಆಮ್ಲಗಳನ್ನು ಬೇರೆಬೇರೆಯಾಗಿ ಗುರುತಿಸುವ ಸೆನ್ಸರುಗಳನ್ನು ಈ ತಂಡ ಮಾಡಿತು. ಆದರೂ ವಸ್ತುವಿನ ತರ್ಕ ಒಂದೇ. ಎಣ್ಣೆಯಲ್ಲಿ ವಿದ್ಯುತ್ ಹರಿಯದು, ಗ್ರಾಫೈಟ್ ಕಣಗಳು ಒಂದಕ್ಕೊಂದು ತಾಗಿ ದಾರಿ ಕೊಡುತ್ತವೆ, ಮೇಲಿನ ಪಾಲಿಮರು ಆ ದಾರಿಯನ್ನು ಹದಕ್ಕೆ ತರುತ್ತದೆ. 1952ರಲ್ಲಿ ಇದೇ ತಾಲ್ಲೂಕಿನ ಕುಲುಮೆಯಲ್ಲಿ ಪಿಚ್ ಮತ್ತು ಇಂಗಾಲದ ಪೇಸ್ಟ್ ಭಾರಿ ವಿದ್ಯುತ್ತನ್ನು ಹೊತ್ತು ಕಬ್ಬಿಣ ಕರಗಿಸಿತ್ತು. ಶಂಕರಘಟ್ಟದ ಪೇಸ್ಟ್ ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ವಿದ್ಯುತ್ತನ್ನು ಅಳೆಯುತ್ತದೆ.

ಕಾರ್ಖಾನೆಯ ಅನುಭವ ಪ್ರಯೋಗಾಲಯಕ್ಕೆ, ಪ್ರಯೋಗಾಲಯದ ಅರಿವು ಕಾರ್ಖಾನೆಗೆ ಹರಿಯಲು ನಾವು ದಾರಿ ಮಾಡಿಕೊಡಲಿಲ್ಲ ಎಂಬುದು ನನ್ನ ನೋವು. ಪೇಪರ್ ಮಿಲ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ಸುದ್ದಿ ಕೇಳಬೇಕಾಯಿತು. ಕಾಗದದ ಚಾರ್ಜನ್ನು, ಎಲೆಕ್ಟ್ರೋಡಿನ ಪೇಸ್ಟನ್ನು ಕೈಯಾರೆ ಬಲ್ಲ ಕಾರ್ಮಿಕರು ನಿವೃತ್ತರಾಗಿ ಮನೆಯಲ್ಲಿದ್ದಾರೆ. ಅವರ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವುದು ವಿಶ್ವವಿದ್ಯಾಲಯಕ್ಕೆ ಈಗಲೂ ಸಾಧ್ಯವಿರುವ ಕೆಲಸ.

ನೊಬೆಲ್ ಬಂದು ಕಾಲು ಶತಮಾನವಾದರೂ ಎಲೆಕ್ಟ್ರಾನಿಕ್ಸ್ ಶೆಡ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಇಂಗಾಲದ ಕರಿ ಟ್ರೇಗಳೇ, ಕರಿ ಪೆಟ್ಟಿಗೆಗಳೇ. ಪಾಲಿಅನಿಲಿನ್ ಕ್ಷಾರ ತಾಗಿದರೆ ಸೋಲುತ್ತದೆ, ಅಚ್ಚಿಗೆ ಸುರಿಯುವ ಕಾವಿನಲ್ಲಿ ಕೆಡುತ್ತದೆ, ವಿದ್ಯುತ್ ಹರಿಸುವ ರೂಪದಲ್ಲಿ ಅದಕ್ಕೆ ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ. ಮಸಿ ಅಗ್ಗ, ಬಿಸಿಗೆ ಜಗ್ಗುವುದಿಲ್ಲ. ಕರಿಪುಡಿ ಉದುರುವ ದೋಷಕ್ಕೆ ಮದ್ದು ಕೂಡ ಇಂಗಾಲದಿಂದಲೇ ಬರುತ್ತಿದೆ. ಉರುಟು ಕಣಗಳ ಬದಲು ಉದ್ದನೆಯ ಕಾರ್ಬನ್ ನ್ಯಾನೊ ನಳಿಕೆಗಳನ್ನು ಬೆರೆಸಿದರೆ ಅವು ಬಹುಬೇಗ ಒಂದಕ್ಕೊಂದು ನಿಲುಕುತ್ತವೆ. ಇಪ್ಪತ್ತು ಪಾಲು ಮಸಿ ಬೇಕಿದ್ದ ಕಡೆ, ಚೆನ್ನಾಗಿ ಹರಡಿದರೆ, ಒಂದೆರಡು ಪಾಲು ನಳಿಕೆ ಸಾಕು. ಗಂಟುಕಟ್ಟಿಕೊಂಡು ಕೂರುವ ಆ ನಳಿಕೆಗಳನ್ನು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಸಮನಾಗಿ ಹರಡುವುದೇ ಈಗಿನ ಕಷ್ಟ, ಜೊತೆಗೆ ಅವುಗಳ ಬೆಲೆ.